ಕಾಂತೇಶ ಡಾಕ್ಟರಿಗೆ ಫೋನು ಮಾಡಿದ್ದು

ಹೋದ ವರ್ಷ ಆಷಾಢದಲ್ಲಿ ಮೋನಿಕಾಳಿಗೆ ಮುಟ್ಟು ಹನ್ನೆರಡು ದಿನ ತಡವಾಯಿತು. ಅಷ್ಟೂ ದಿನ ಅವಳು ಹೊಲಿಗೆ ಮೆಷೀನಿನ ಮುಂದೆ ಕೂತಿದ್ದಳೇ ಹೊರತು ಒಂದು ರವಿಕೆಗೂ ನೆಟ್ಟಗೆ ತೋಳು ಕೂಡಿಸಲಿಲ್ಲ. ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಬಲಕ್ಕೇ ಹೊಲಿದಳು. ಅತ್ತೆ ಸಿದ್ದಗಂಗಮ್ಮ, “ಯಾಕವ್ವ, ಕಣ್ಣು ಕಾಣಲ್ವಾ?” ಎಂದು ಕೇಳಿದ್ದಕ್ಕೆ, “ದಾರ ಸರಿಯಿಲ್ಲ ಕಣತ್ತೆ” ಎಂದಳು.

ಅವಳು ಹೆದರಿದ್ದಕ್ಕೆ ಕಾರಣವಿತ್ತು. ಅದಕ್ಕೂ ಮೂರು ವರ್ಷದ ಹಿಂದೆ ಎರಡನೆಯ ಮಗು ಭುವನ್ ಹೊಟ್ಟೆಯಲ್ಲಿದ್ದಾಗ, ಎಂಟನೇ ತಿಂಗಳಲ್ಲಿ ಬಿಪಿ ಏರಿ, ಅಡುಗೆಮನೆಯಲ್ಲೇ ಫಿಟ್ಸ್ ಬಂದು ಬಿದ್ದಿದ್ದಳು. ಆಂಬುಲೆನ್ಸಿನಲ್ಲಿ ತುರುವೇಕೆರೆಗೆ, ಅಲ್ಲಿಂದ ತುಮಕೂರಿಗೆ ಒಯ್ದರು. ತಾಯಿ, ಮಗು ಇಬ್ಬರೂ ಉಳಿದದ್ದೇ ಹೆಚ್ಚು. ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು ಗಂಡ ಕಾಂತೇಶನನ್ನು ಪಕ್ಕಕ್ಕೆ ಕರೆದು, “ಒಂದು ಹೆಣ್ಣು, ಒಂದು ಗಂಡು ಆಯ್ತಲ್ಲ, ಸಾಕು. ಇನ್ನೊಂದು ಬಸಿರು ಈಕೆಗೆ ಬೇಡ” ಎಂದಿದ್ದರು.

ಬೇಡ ಅನ್ನುವುದು ಸುಲಭ. ಹೇಗೆ ಎಂಬುದೇ ಕಷ್ಟವಾಗಿತ್ತು. ಕಾಪರ್ ಟಿ ಹಾಕಿಸಿಕೊಂಡಳು. ಹತ್ತು ತಿಂಗಳು ಮೈಯಿಂದ ರಕ್ತ ಹೋಗುವುದು ನಿಲ್ಲದೆ ತೆಗೆಸಿದಳು. ಮಾತ್ರೆ ನುಂಗೋಣವೆಂದರೆ ಬಿಪಿ ಇರುವವರಿಗೆ ಅದು ಆಗಿಬರುವುದಿಲ್ಲ ಎಂದರು. ಉಳಿದದ್ದು ಕಾಂತೇಶ ಮೆಡಿಕಲ್ ಸ್ಟೋರಿನಿಂದ ತರುತ್ತಿದ್ದ ನಿರೋಧ್ ಮಾತ್ರ. ಅದು ಒಂದು ಸಲ ಹರಿದುಹೋಯಿತು. ಅದಾದ ಮೇಲೇ ಈ ಹನ್ನೆರಡು ದಿನ.

ಹದಿಮೂರನೇ ದಿನ ಬೆಳಗ್ಗೆ ಕಾಂತೇಶ ಬೈಕು ತೆಗೆದುಕೊಂಡು ತುರುವೇಕೆರೆಗೇ ಹೋಗಿ ಪರೀಕ್ಷೆಯ ಕಾರ್ಡು ತಂದ. ಹತ್ತಿರದ ದಬ್ಬೇಘಟ್ಟದ ಅಂಗಡಿಯಲ್ಲೂ ಸಿಗುತ್ತಿತ್ತು. ಆದರೆ ಆ ಅಂಗಡಿಯವನು ಪೊಟ್ಟಣ ಕಟ್ಟುವ ಮೊದಲೇ ಊರಿಗೆ ಸುದ್ದಿ ಮುಟ್ಟಿಸುವವನು. ಕಾರ್ಡಿನಲ್ಲಿ ಒಂದೇ ಗೆರೆ ಬಂತು. ಒಂದು ಗೆರೆಯೆಂದರೆ ಇಲ್ಲ ಎಂದು ಕಾಗದದಲ್ಲಿ ಬರೆದಿತ್ತು. ಕಾಂತೇಶ ಅದನ್ನು ಮೂರು ಸಲ ಓದಿದ. ಮೋನಿಕಾ ಬಚ್ಚಲ ಬಾಗಿಲಿಗೆ ಒರಗಿ ನಿಂತು ಅತ್ತಳು. ಖುಷಿಗೆ ಅಳುತ್ತಿದ್ದಾಳೋ ಸಂಕಟಕ್ಕೋ ಅವನಿಗೆ ತಿಳಿಯಲಿಲ್ಲ.

“ಇನ್ನೊಂದ್ಸಲ ಇಂಗಾದ್ರೆ ನಾನು ತಡ್ಕಳಲ್ಲ ಕಣ್ರೀ” ಎಂದಳು ಅವಳು.

ಮಾರನೆಯ ದಿನವೇ ಇಬ್ಬರೂ ಊರಿನ ಆರೋಗ್ಯ ಸಬ್‌ಸೆಂಟರಿಗೆ ಹೋದರು. ಅಲ್ಲಿದ್ದ ಗಾನವಿ ಸಿಸ್ಟರ್ ವಯಸ್ಸಿನಲ್ಲಿ ಚಿಕ್ಕವಳಾದರೂ ಗಟ್ಟಿ ಹುಡುಗಿ. ಮೋನಿಕಾಳ ಬಿಪಿ ನೋಡಿ, ಎಲ್ಲ ಕೇಳಿಕೊಂಡು, “ಇದಕ್ಕೆ ಹೆಂಗಸರ ಡಾಕ್ಟ್ರೇ ಬೇಕು ಅಕ್ಕ. ಬಸ್ಸು ಹತ್ತಿ ತುಮಕೂರಿಗೇನೂ ಹೋಗ್ಬೇಡಿ, ಇಲ್ಲೇ ಮಾತಾಡಿಸ್ತೀನಿ” ಎಂದು ಟ್ಯಾಬನ್ನು ಮೇಜಿನ ಮೇಲೆ ಔಷಧಿಯ ಡಬ್ಬಕ್ಕೆ ಒರಗಿಸಿಟ್ಟಳು. ಕಾಂತೇಶ ಹೊರಗೆ ಬೈಕಿನ ಮೇಲೆ ಕೂತ.

ಟ್ಯಾಬಿನಲ್ಲಿ ಕಾಣಿಸಿದವರು ಡಾಕ್ಟರ್ ಇಂಪನಾ. ಕನ್ನಡಕ ಹಾಕಿದ, ನಲವತ್ತರ ಆಸುಪಾಸಿನ ಹೆಂಗಸು. ಅವರು ಅವಸರ ಮಾಡಲಿಲ್ಲ. ಒಂದೊಂದಾಗಿ ಕೇಳುತ್ತ ಹೋದರು. ಮುಟ್ಟಿನ ವಿಚಾರ, ಕಾಪರ್ ಟಿ ವಿಚಾರ, ಗಂಡಹೆಂಡಿರ ವಿಚಾರ. ಮೋನಿಕಾ ಮೊದಮೊದಲು ಹೂಂ, ಊಹೂಂ ಎಂದಷ್ಟೇ ಅಂದವಳು, ಆಮೇಲೆ ತನ್ನ ತಾಯಿಯ ಹತ್ತಿರವೂ ಹೇಳದಿದ್ದುದನ್ನು ಹೇಳಿದಳು. ಗಂಡ ಹತ್ತಿರ ಬಂದರೆ ಸಾಕು ತನಗೆ ಆಂಬುಲೆನ್ಸಿನ ಸದ್ದು ಕೇಳಿಸಿದಂತಾಗುತ್ತದೆ, ಅವರದೇನೂ ತಪ್ಪಿಲ್ಲ, ಆದರೂ ಮೈ ಕಲ್ಲಾಗುತ್ತದೆ ಎಂದಳು.

ಡಾಕ್ಟರು, “ಭಯ ಹೋದರೆ ಅದೂ ಹೋಗುತ್ತೆ ಮೋನಿಕಾ. ನಿಮಗೆ ಆಪರೇಷನ್ ಮಾಡಬಹುದು, ಮಾಡಬಾರದು ಅಂತೇನಿಲ್ಲ. ಆದರೆ ಹೊಟ್ಟೆಯ ಆಪರೇಷನ್ನು, ನಿಮ್ಮ ಬಿಪಿ ನೋಡಿಕೊಂಡು ಮಾಡಬೇಕು. ಇನ್ನೊಂದು ದಾರಿ ಇದೆ. ಯಜಮಾನರು ಬಂದಿದಾರಾ?” ಎಂದರು.

ಕಾಂತೇಶನನ್ನು ಒಳಗೆ ಕರೆದರು. ಅವನು ಮೂವತ್ತಾರು ವರ್ಷದವನು, ಸುತ್ತಲಿನ ನಾಲ್ಕೈದು ಊರಿಗೆ ಕಾಯಿ ಕೆಡವುವವನು. ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಅರವತ್ತಡಿ ಮರವನ್ನು ಮೆಟ್ಟಿಲು ಹತ್ತಿದಂತೆ ಹತ್ತುವವನು, ಆ ಪುಟ್ಟ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತೂಕದ ಮೆಷೀನಿನ ಮೇಲೆ ನಿಂತ.

“ಕಾಂತೇಶ್, ಗಂಡಸರಿಗೂ ಆಪರೇಷನ್ ಇದೆ. ಹದಿನೈದು ಇಪ್ಪತ್ತು ನಿಮಿಷ. ಹೊಟ್ಟೆ ಕೊಯ್ಯೋದಿಲ್ಲ, ಹೊಲಿಗೆ ಹಾಕೋದಿಲ್ಲ, ಅವತ್ತೇ ಮನೆಗೆ ಹೋಗಬಹುದು. ಯೋಚನೆ ಮಾಡಿದೀರಾ?”

“ನಂಗಾ?” ಎಂದ ಕಾಂತೇಶ. ಹಿಂದೆ ಬೇರೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ. “ಇಲ್ಲ ಮೇಡಂ, ನಂಗೆ... ಅಲ್ಲೊಂದು ತೋಟದಲ್ಲಿ ಗೊನೆ ಕೆಡವೋದೈತೆ, ಕಾಯ್ತಾ ಅವ್ರೆ” ಎಂದು ಹೊರಟೇಬಿಟ್ಟ. ಬೈಕು ಶುರುವಾದ ಸದ್ದು ಕೇಳಿಸಿತು. ಅರ್ಧ ದಾರಿ ಹೋದ ಮೇಲೆ ಹೆಂಡತಿಯನ್ನು ಬಿಟ್ಟುಬಂದದ್ದು ನೆನಪಾಗಿ ವಾಪಸು ಬಂದ. ಅಷ್ಟರಲ್ಲಿ ಮೋನಿಕಾ ರಸ್ತೆಯಲ್ಲಿ ನಡೆದು ಬರುತ್ತಿದ್ದಳು. ಅವಳು ಬೈಯಲಿಲ್ಲ. ಹಿಂದೆ ಕೂತು ಅವನ ಹೆಗಲು ಹಿಡಿದುಕೊಂಡು, ಮನೆ ಬರುವವರೆಗೂ ನಕ್ಕಳು.

ಸಂಜೆ ಕಾಂತೇಶ ಚಹದ ಅಂಗಡಿಯಲ್ಲಿ ಆಟೋ ಗಂಗಾಧರನ ಪಕ್ಕ ಕೂತು, ಯಾರದೋ ಸುದ್ದಿಯೆಂಬಂತೆ ಮಾತು ತೆಗೆದ. “ಅಮ್ಮಸಂದ್ರದ ಕಡೆ ಒಬ್ಬ ಆಪರೇಷನ್ ಮಾಡಿಸ್ಕಂತಾನಂತೆ ಕಣ್ಲಾ, ಗಂಡಸು.”

ಗಂಗಾಧರ ಗ್ಲಾಸು ಕೆಳಗಿಟ್ಟ. “ಕೆಟ್ಟ ಅಂತ ತಿಳ್ಕ. ಹೋರಿಗೆ ಬೀಜ ಒಡೆಸ್ತಾರಲ್ಲ, ಅದೇಯ ಅದು. ಆಮೇಕೆ ಎದ್ದು ನಿಂತ್ರೆ ಕಾಲು ನಡುಗ್ತವಂತೆ. ಅವ್ನೇನ್ ಕೆಲ್ಸ ಮಾಡ್ತಾನೆ?”

“ಮರ ಹತ್ತಾನೆ.”

“ಮುಗೀತು ಬುಡು” ಎಂದ ಗಂಗಾಧರ.

ಮನೆಯಲ್ಲಿ ಮೋನಿಕಾ ಈ ಮಾತನ್ನು ಮತ್ತೆ ಎತ್ತಲಿಲ್ಲ. ಮೂರು ದಿನ ಬಿಟ್ಟು, ಮಕ್ಕಳಿಗೆ ತಿಂಡಿ ಹಾಕುತ್ತ, “ಬೇಡ ಬುಡ್ರಿ. ಮುಂದಿನ ತಿಂಗ್ಳು ನಾನೇ ಮಾಡಿಸ್ಕಂತೀನಿ. ಸಿಸ್ಟರ್‌ಗೆ ಹೇಳಿದೀನಿ” ಎಂದಳು. ಹೇಳಿ, ಬಿಪಿ ಮಾತ್ರೆ ನುಂಗಿ, ಮೆಷೀನಿನ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲಾರದೆ ಅವಳು ಮತ್ತೆ ಮತ್ತೆ ದಾರದ ತುದಿ ನೆನೆಸುತ್ತಿದ್ದುದು ಕಾಂತೇಶನಿಗೆ ಕಂಡಿತು. ದಾರ ಇಸಿದುಕೊಂಡು ತಾನೇ ಪೋಣಿಸಿಕೊಟ್ಟ. ಆಮೇಲೆ ಅಂಗಳಕ್ಕೆ ಬಂದು ಗಾನವಿ ಸಿಸ್ಟರಿಗೆ ಫೋನು ಮಾಡಿದ.

“ಸಿಸ್ಟರ್, ಆ ಡಾಕ್ಟ್ರ ಹತ್ರ ನಾನು ಮಾತಾಡಬೈದಾ? ಅಲ್ಲಿಗ್ ಬರಲ್ಲ. ಜನ ನೋಡ್ತಾರೆ.”

“ಬರೋದೇ ಬೇಡ ಅಣ್ಣ. ಒಂದು ಆ್ಯಪ್ ಕಳಿಸ್ತೀನಿ. ಹೆಸರು, ವಯಸ್ಸು ಹಾಕಿದರೆ ಟೋಕನ್ ಬರುತ್ತೆ. ನಿಮ್ಮ ಸರದಿ ಬಂದಾಗ ಅವರೇ ಕರೀತಾರೆ.”

“ಗಂಡಸು ಡಾಕ್ಟ್ರು ಸಿಗ್ತಾರಾ?”

“ಯಾರು ಬಿಡುವಾಗಿದ್ದರೆ ಅವರು” ಎಂದಳು ಗಾನವಿ.

ಅವತ್ತು ಕಾಂತೇಶನ ಕೆಲಸ ಪರಮಶಿವಯ್ಯನವರ ತೋಟದಲ್ಲಿತ್ತು. ಎಪ್ಪತ್ತನಾಲ್ಕು ವರ್ಷದ ಪರಮಶಿವಯ್ಯ ಹಳೆಯ ಕೊಬ್ಬರಿ ವ್ಯಾಪಾರಿ. ಈಗ ವ್ಯಾಪಾರ ಬಿಟ್ಟು, ತೋಟದ ಮನೆಯಲ್ಲೇ ಹೆಂಡತಿ ಪುಟ್ಟಗಂಗಮ್ಮನ ಜೊತೆ ಇದ್ದರು. ಕಾಂತೇಶ ದಾರಿಯಲ್ಲೇ ಹತ್ತು ಗಂಟೆಗೆ ಟೋಕನ್ ಹಾಕಿ, ಫೋನನ್ನು ಶರ್ಟಿನ ಜೇಬಿಗೆ ತುರುಕಿ ಗುಂಡಿ ಹಾಕಿಕೊಂಡು ಮರ ಹತ್ತಿದ. ಆ ತೋಟದಲ್ಲಿ ನೆಲದ ಮೇಲೆ ಸಿಗ್ನಲ್ ಸಿಗುತ್ತಿರಲಿಲ್ಲ. ಮರದ ಮೇಲಿದ್ದರೆ ಕರೆ ಬಂದಾಗ ತಿಳಿಯುತ್ತದೆ ಎಂದು ಅವನ ಲೆಕ್ಕ.

ಐದನೇ ಮರದ ನೆತ್ತಿಯಲ್ಲಿ, ಒಂದು ಕೈಯಲ್ಲಿ ಗರಿ, ಇನ್ನೊಂದರಲ್ಲಿ ಮಚ್ಚು ಹಿಡಿದಿದ್ದಾಗ ಫೋನು ಹೊಡೆದುಕೊಂಡಿತು. ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿ, ಫೋನು ತೆಗೆದು ಒತ್ತಿದ. ಪರದೆಯ ಮೇಲೆ ಬಂದವರು ಅದೇ ಕನ್ನಡಕದ ಇಂಪನಾ ಡಾಕ್ಟರು.

“ಹೇಳಿ ಕಾಂತೇಶ್... ಒಂದು ನಿಮಿಷ, ಎಲ್ಲಿದೀರಿ ನೀವು? ಹಿಂದೆ ಬರೀ ಆಕಾಶ ಕಾಣುತ್ತಿದೆ.”

“ಮರದ ಮೇಲಿದೀನಿ ಮೇಡಂ. ತೆಂಗಿನ ಮರ.”

“ಮೊದಲು ಕೆಳಗೆ ಇಳೀರಿ!”

“ಕೆಳಗಡೆ ಸಿಗ್ನಲ್ ಇಲ್ಲ ಮೇಡಂ. ನಂಗಿದು ಅಭ್ಯಾಸ, ಏನೂ ಆಗಲ್ಲ, ನೀವು ಹೇಳಿ.”

“ನಾನು ಒಂದು ಮಾತೂ ಹೇಳಲ್ಲ. ನೀವು ಬಿದ್ದರೆ ನಾನು ಮೂಳೆ ಡಾಕ್ಟರಲ್ಲ. ಇಳೀರಿ. ಸಿಗ್ನಲ್ ಇರೋ ಜಾಗಕ್ಕೆ ಹೋಗಿ. ಹತ್ತು ನಿಮಿಷ ಬಿಟ್ಟು ನಾನೇ ಕರೀತೀನಿ” ಎಂದು ಅವರು ಕರೆ ಮುಗಿಸಿದರು.

ಕಾಂತೇಶ ಸರಸರನೆ ಇಳಿದ. ಆ ತೋಟದಲ್ಲಿ ಮರದ ತುದಿ ಬಿಟ್ಟರೆ ಸಿಗ್ನಲ್ ಇರುವುದು ತೋಟದ ಮನೆಯ ಅಟ್ಟದ ಮೇಲೆ. ಕೊಬ್ಬರಿಯಾಗಲೆಂದು ಹೋದ ವರ್ಷದ ಕಾಯಿಯನ್ನು ಅಲ್ಲಿ ರಾಶಿ ಹಾಕಿದ್ದರು. ಪಡಸಾಲೆಯಲ್ಲಿ ಯಾರೂ ಕಾಣಲಿಲ್ಲ. ಏಣಿ ಹತ್ತಿ, ಕಾಯಿರಾಶಿಯ ಮೇಲೆ ಕೂತು ಫೋನನ್ನು ಗವಾಕ್ಷಿಯ ಹತ್ತಿರ ಹಿಡಿದುಕೊಂಡ. ಕರೆ ಬಂತು. ಮಾತು ಸರಿಯಾಗಿ ಕೇಳಲಿ ಎಂದು ಸ್ಪೀಕರ್ ಹಾಕಿದ.

“ಈಗ ಹೇಳಿ. ಏನು ಭಯ?”

ಕಾಂತೇಶ ಗವಾಕ್ಷಿಯಿಂದ ಆಚೆ ಯಾರಾದರೂ ಇದ್ದಾರೋ ಎಂದು ನೋಡಿಕೊಂಡ. “ಬಲ ಹೋಯ್ತದೆ ಅಂತಾರೆ ಮೇಡಂ. ಹೋರಿಗೆ ಬೀಜ ಒಡೆಸಿದಂಗೆ.”

“ಒಡೆಸಿದ ಮೇಲೆ ಅದನ್ನ ಏನಂತ ಕರೀತೀರಿ?”

“ಎತ್ತು.”

“ಗಾಡಿ ಎಳೆಯೋದು, ಹೊಲ ಉಳೋದು ಯಾವುದು?”

“ಎತ್ತೇಯ.”

“ಎತ್ತಿಗೆ ಬಲ ಕಮ್ಮೀನಾ ಕಾಂತೇಶ್?”

ಡಾಕ್ಟರು ನಕ್ಕು, “ತಮಾಷೆಗೆ ಅಂದೆ. ಇದು ಅದಲ್ಲವೇ ಅಲ್ಲ. ಬೀಜ ಮುಟ್ಟೋದೇ ಇಲ್ಲ. ಅಲ್ಲಿಂದ ಬರೋ ಎರಡು ಸಣ್ಣ ನಾಳ ಇದೆ, ಅದನ್ನ ಕತ್ತರಿಸಿ ಕಟ್ಟುತ್ತಾರೆ, ಅಷ್ಟೆ. ನಿಮ್ಮ ತೋಟದಲ್ಲಿ ಡ್ರಿಪ್ ಇದೆಯಾ?” ಎಂದು ಕೇಳಿದರು.

“ಐತೆ ಮೇಡಂ.”

“ಒಂದು ಸಾಲಿನ ಪೈಪಿಗೆ ಮುಚ್ಚಳ ಹಾಕಿದರೆ ಮೋಟರು ಕೆಟ್ಟುಹೋಗುತ್ತಾ?”

“ಇಲ್ಲ.”

“ಹಾಗೇ ಇದೂ. ಬಲ ಹಾಗೇ ಇರುತ್ತೆ, ಗಡ್ಡ ಮೀಸೆ ಹಾಗೇ ಇರುತ್ತೆ.”

ಕಾಂತೇಶ ದನಿ ತಗ್ಗಿಸಿದ. ಸ್ಪೀಕರಿನಲ್ಲಿ ದನಿ ತಗ್ಗಿಸಿ ಏನೂ ಉಪಯೋಗವಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. “ಮತ್ತೆ... ಅದು? ಹೆಂಡ್ತಿ ಜೊತೆ?”

“ಅದೂ ಹಾಗೇ ಇರುತ್ತೆ. ಆಸೆಯೂ ಅಷ್ಟೇ, ಸುಖವೂ ಅಷ್ಟೇ. ಆದರೆ ಎರಡು ಮಾತು ಚೆನ್ನಾಗಿ ಕೇಳಿಸಿಕೊಳ್ಳಿ. ಆಪರೇಷನ್ ಆದ ಮೂರು ತಿಂಗಳು ನಿರೋಧ್ ಬಿಡಬಾರದು. ಆಮೇಲೆ ಒಂದು ಪರೀಕ್ಷೆ ಮಾಡಿಸಬೇಕು, ಅದರಲ್ಲಿ ಸೊನ್ನೆ ಬಂದ ಮೇಲೇ ನಿಶ್ಚಿಂತೆ. ಇನ್ನೊಂದು, ಮುಂದೆ ಮಗು ಬೇಕು ಅನ್ನಿಸಿದರೆ ಬಿಚ್ಚೋದು ಸುಲಭ ಅಲ್ಲ. ಬೇಡವೇ ಬೇಡ ಅಂತ ಗಟ್ಟಿ ಇದ್ದರೆ ಮಾತ್ರ ಮಾಡಿಸಿಕೊಳ್ಳಿ. ಯಾರ ಬಲವಂತಾನೂ ಇಲ್ಲ ತಾನೇ?”

“ಇಲ್ಲ ಮೇಡಂ. ಅವ್ಳು ತಾನೇ ಮಾಡಿಸ್ಕಂತೀನಿ ಅಂತಾವ್ಳೆ. ಅವ್ಳು ಫಿಟ್ಸ್ ಬಂದು ಬಿದ್ದಾಗ ಎತ್ಕಂಡು ಹೋಗಿದ್ದು ನಾನೇಯ. ಇನ್ನೊಂದ್ಸಲ ಎತ್ಕಳಕೆ ನಂಗಾಗಲ್ಲ.” ಇಷ್ಟು ಹೇಳಿ ಕಾಂತೇಶ ಕಣ್ಣೊರೆಸಿಕೊಂಡ. ಅಷ್ಟು ಸ್ಪಷ್ಟವಾಗಿ ಈ ಮಾತನ್ನು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಡಾಕ್ಟರು ತುರುವೇಕೆರೆಯ ಆಸ್ಪತ್ರೆಗೆ ಚೀಟಿ ಬರೆದು ಫೋನಿಗೇ ಕಳಿಸಿದರು. ಮರ ಹತ್ತುವವನಾದ್ದರಿಂದ ಎರಡು ವಾರ ಮರ ಮುಟ್ಟಬಾರದೆಂದೂ ಹೇಳಿದರು. ಕರೆ ಮುಗಿಸಿ ಏಣಿ ಇಳಿಯುತ್ತಿದ್ದರೆ, ಅಟ್ಟದ ನೇರ ಕೆಳಗೆ, ಕಂಬದ ಮರೆಯಲ್ಲಿ ಪರಮಶಿವಯ್ಯ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಪೇಪರು. ಅಟ್ಟದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು.

ಕಾಂತೇಶನಿಗೆ ಏಣಿಯ ಮೇಲೇ ಕಾಲು ನಿಂತಿತು.

“ಇಳಿಯಪ್ಪ” ಎಂದರು ಪರಮಶಿವಯ್ಯ. “ನಾನು ಕೇಳಬೇಕು ಅಂತ ಕೇಳಲಿಲ್ಲ. ನೀನು ಬಂದದ್ದೂ ನೋಡಲಿಲ್ಲ, ಎಚ್ಚರಾದಾಗ ಎತ್ತಿನ ಮಾತು ನಡೀತಿತ್ತು.”

“ಯಜಮಾನ್ರೇ, ಯಾರ ಹತ್ರಾನೂ...”

“ಕೂತ್ಕ.” ಪರಮಶಿವಯ್ಯ ಅತ್ತಿತ್ತ ನೋಡಿ, ಮುಂದಕ್ಕೆ ಬಾಗಿ, “ನಾನು ಮಾಡಿಸ್ಕಂಡು ನಲವತ್ತು ವರ್ಷ ಆಯ್ತು ಕಣ್ಲಾ” ಎಂದರು.

ಕಾಂತೇಶ ಕಂಬಕ್ಕೆ ಒರಗಿ ಕೂತ.

“ಮೂರನೇದು ಹುಟ್ಟಿದ ಮೇಲೆ ಇವಳಿಗೆ ಕಾಮಾಲೆ ಬಂದು ಹೈರಾಣಾದ್ಲು. ನಾನು ತಿಪಟೂರಿನ ಮಾರ್ಕೆಟ್ಟಿಗೆ ಕೊಬ್ಬರಿ ಹಾಕಿ ಬತ್ತೀನಿ ಅಂತ ಹೇಳಿ, ಕೊಬ್ಬರಿ ಹಾಕಿ, ಹಂಗೇ ಆಸ್ಪತ್ರೆಗೆ ಹೋಗಿ ಮಾಡಿಸ್ಕಂಡು ಬಂದೆ. ಮುಂದಿನ ವಾರ ಬುಟ್ಟು ಅದರ ಮುಂದಿನ ವಾರದ ಸಂತೆಗೆ ಮೂಟೆ ಹೊತ್ತು ಲಾರಿಗೆ ಹಾಕಿದೀನಿ. ಅರವತ್ತೈದರವರೆಗೂ ಹೊತ್ತಿದೀನಿ. ನೋಡಿಲ್ವಾ ನೀನು?”

“ನೋಡಿದೀನಿ” ಎಂದ ಕಾಂತೇಶ. ನಿಜವಾಗಿಯೂ ನೋಡಿದ್ದ. ಚಿಕ್ಕವನಿದ್ದಾಗ ಊರಿನ ಹುಡುಗರೆಲ್ಲ ಪರಮಶಿವಯ್ಯ ಮೂಟೆ ಎತ್ತುವುದನ್ನು ನಿಂತು ನೋಡುತ್ತಿದ್ದರು.

“ಒಂದೇ ಮಾತು. ಈ ವಿಷಯ ನನಗೆ, ಇವಳಿಗೆ, ಈಗ ನಿನಗೆ. ನಾಲ್ಕನೇ ಕಿವಿಗೆ ಬೀಳಬಾರದು.”

ಒಳಗಿನಿಂದ ಮಜ್ಜಿಗೆಯ ಲೋಟ ಹಿಡಿದು ಬಂದ ಪುಟ್ಟಗಂಗಮ್ಮ, “ಏನು ನಾಲ್ಕನೇ ಕಿವಿ?” ಎಂದರು. ಕಾಂತೇಶನ ಮುಖ, ಗಂಡನ ಮುಖ ಎರಡನ್ನೂ ನೋಡಿ ಅರ್ಥ ಮಾಡಿಕೊಂಡರು. “ಅದಾ? ಅಯ್ಯೋ, ಅದು ಊರಿನ ಹೆಂಗಸರಿಗೆಲ್ಲ ಅವತ್ತೇ ಗೊತ್ತು. ನಾನೇ ಹೇಳಿದ್ದೆ. ಇಂಥ ಗಂಡ ಯಾರಿಗವ್ನೆ ಅಂತ ನಾನು ಹೇಳ್ಕಬಾರದಾ?”

ಪರಮಶಿವಯ್ಯ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬಹಳ ಹೊತ್ತು ಇಳಿಸಲಿಲ್ಲ. ಕಾಂತೇಶ ಮಜ್ಜಿಗೆ ಕುಡಿದು ಉಳಿದ ಮರಗಳನ್ನು ಹತ್ತಿದ. ಅವತ್ತು ಒಂದು ಮರವೂ ಎತ್ತರ ಅನ್ನಿಸಲಿಲ್ಲ.

ಮೋನಿಕಾಳಿಗೆ ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಸ್ಪತ್ರೆಯ ಚೀಟಿಯನ್ನು ಫೋನಿನಲ್ಲಿ ತೋರಿಸಿದ ಮೇಲೆ, “ನಂಗೋಸ್ಕರ ಬೇಡ್ರೀ. ನಿಮಗೆ ಮನಸ್ಸಿದ್ರೆ ಮಾತ್ರ” ಎಂದಳು. “ನಂಗೋಸ್ಕರಾನೇ ಕಣೇ” ಎಂದ ಅವನು.

ಕಷ್ಟವಾದದ್ದು ತಾಯಿಗೆ ಹೇಳುವುದು. ಸಿದ್ದಗಂಗಮ್ಮ ಮೊರದಲ್ಲಿದ್ದ ಅಕ್ಕಿಯನ್ನು ಕೆಳಗಿಟ್ಟು, “ದುಡಿಯೋ ಗಂಡಸಿನ ಮೈಗೆ ಕತ್ತಿ ಹಾಕಿಸ್ತಾರಾ? ನಾವೆಲ್ಲ ಹೆಂಗಸರು ಮಾಡಿಸ್ಕಳ್ಳಲಿಲ್ವಾ? ಇವ್ಳೇನು ಮೇಲಿಂದ ಇಳಿದು ಬಂದವ್ಳಾ?” ಎಂದು ಕೂಗಾಡಿದಳು. ಮಗನ ಜೊತೆ ಅರ್ಧ ದಿನ ಮಾತು ಬಿಟ್ಟಳು, ಸೊಸೆಯ ಜೊತೆ ಪೂರಾ ಬಿಟ್ಟಳು. ಮೋನಿಕಾ ನೀರು ಬೇಕಾ ಎಂದು ಕೇಳಿದರೆ ಭುವನ್‌ಗೆ ಉತ್ತರ ಹೇಳುತ್ತಿದ್ದಳು: “ಬೇಡ ಅಂತ ಹೇಳಪ್ಪ ನಿಮ್ಮಮ್ಮಂಗೆ.” ಮೂರು ವರ್ಷದ ಭುವನ್, “ಬೇಡಂತೆ” ಎಂದು ಸಾರುವುದನ್ನು ಆಟವೆಂದೇ ತಿಳಿದ.

ಶ್ರಾವಣದ ಮೊದಲ ವಾರ ಗಂಡಹೆಂಡಿರು ಗಂಗಾಧರನ ಆಟೋದಲ್ಲಿ ತುರುವೇಕೆರೆಗೆ ಹೋದರು. ಗಂಗಾಧರನಿಗೆ ಹರ್ನಿಯದ ಆಪರೇಷನ್ ಎಂದು ಹೇಳಿದ್ದರು. ಆಪರೇಷನ್ನಿಗೆ ಹಿಡಿದದ್ದು ಹದಿನೆಂಟು ನಿಮಿಷ. ಸೂಜಿ ಚುಚ್ಚಿದಾಗ ಉರಿಯಿತು, ಆಮೇಲೆ ಏನೂ ತಿಳಿಯಲಿಲ್ಲ. ಕಾಂತೇಶ ಕಣ್ಣು ಮುಚ್ಚಿಕೊಂಡು ತಾನು ಎರಡು ವಾರ ಕಳೆದು ಕೆಡವಬೇಕಿದ್ದ ತೋಟಗಳನ್ನು ಎಣಿಸುತ್ತಿದ್ದ. ಏಳನೇ ತೋಟ ಬರುವಷ್ಟರಲ್ಲಿ ಸರ್ಜನ್ನರು, “ಆಯ್ತು, ಏಳಿ” ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮೋನಿಕಾ ಅವನು ನಡೆದುಕೊಂಡೇ ಬಂದದ್ದನ್ನು ನೋಡಿ ಎದ್ದು ನಿಂತಳು. ಜನರೆದುರಿಗೇ ಅವನ ಕೈ ಹಿಡಿದುಕೊಂಡಳು.

ಮೂರನೆಯ ದಿನ ಗಾಬರಿಯಾಯಿತು. ಸ್ನಾನಕ್ಕೆ ಹೋದ ಕಾಂತೇಶ, ಆಪರೇಷನ್ ಆದ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಕೂಗಿಕೊಂಡ. ಮೋನಿಕಾ ಓಡಿಬಂದಳು. ಹಿಂದೆಯೇ ಸಿದ್ದಗಂಗಮ್ಮನೂ ಬಂದು, “ಕೆಡಿಸಿದ್ರು, ನನ್ ಮಗನ್ನ ಕೆಡಿಸಿದ್ರು” ಎಂದು ಶುರು ಮಾಡಿದಳು. ಗಾನವಿ ಸಿಸ್ಟರಿಗೆ ಫೋನು ಮಾಡಿದರು, ಅವಳು ಐದು ನಿಮಿಷದಲ್ಲಿ ಇಂಪನಾ ಡಾಕ್ಟರನ್ನೇ ಹಿಡಿದುಕೊಟ್ಟಳು.

“ಜ್ವರ ಇದೆಯಾ?”

“ಇಲ್ಲ ಮೇಡಂ.”

“ಊತ ನಿನ್ನೆಗಿಂತ ಹೆಚ್ಚಾಗಿದೆಯಾ? ಕೀವು, ರಕ್ತ ಬರ್ತಿದೆಯಾ? ನೋವು ಜಾಸ್ತಿ ಆಗಿದೆಯಾ?”

“ಇಲ್ಲ. ಬಣ್ಣ ಮಾತ್ರ.”

“ಒಳಗೆ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ ಅಷ್ಟೆ. ಮೊಣಕಾಲಿಗೆ ಪೆಟ್ಟು ಬಿದ್ದರೆ ನೀಲಿಗಟ್ಟಲ್ವಾ, ಹಾಗೆ. ವಾರದಲ್ಲಿ ಹೋಗುತ್ತೆ. ಬಿಗಿ ಚಡ್ಡಿ ಹಾಕಿಕೊಳ್ಳಿ. ಜ್ವರ ಬಂದರೆ, ಊತ ಏರಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹಿಂದೆ ಅಳ್ತಾ ಇರೋರು ಯಾರು?”

“ನಮ್ಮವ್ವ.”

“ಅವರ ಹತ್ತಿರ ಮಾತಾಡಬಹುದಾ? ನಿಮ್ಮ ವಿಷಯ ಹೇಳಬಹುದು ತಾನೇ?”

ಕಾಂತೇಶ ಹೂಂ ಎನ್ನುವ ಮೊದಲೇ ಸಿದ್ದಗಂಗಮ್ಮ ಫೋನು ಕಿತ್ತುಕೊಂಡಿದ್ದಳು. “ಏನವ್ವ, ನೀನು ಓದಿದೋಳು. ಹೆಂಗಸರ ಕೆಲಸಾನ ಗಂಡಸಿನ ಕೈಲಿ ಮಾಡಿಸ್ತೀಯಲ್ಲ! ನಾನು ಇಪ್ಪತ್ನಾಲ್ಕು ವರ್ಷಕ್ಕೆ ಮಾಡಿಸ್ಕಂಡೆ. ಇಸ್ಕೂಲಿನ ರೂಮಲ್ಲಿ ಸಾಲಾಗಿ ಮಲಗಿಸಿದ್ರು. ನೆಲದ ಮೇಲೆ. ಪಕ್ಕದೋಳು ಬಾಣಂತಿ, ಎದೆಹಾಲು ಸೋರ್ತಿತ್ತು. ಇವ್ನಪ್ಪ ಆಚೆ ಬೀಡಿ ಸೇದ್ತಾ ನಿಂತಿದ್ರು. ಮಾಡಿಸ್ಕಂತೀಯಾ ಅಂತ ಒಬ್ರೂ ನನ್ನ ಕೇಳ್ಲಿಲ್ಲ...” ಹೇಳುತ್ತ ಹೇಳುತ್ತ ಅವಳ ದನಿಯಿಂದ ಜಗಳ ಇಳಿದುಹೋಯಿತು.

“ಕೇಳಬೇಕಿತ್ತು ಅಮ್ಮ” ಎಂದರು ಡಾಕ್ಟರು. “ನಿಮಗೆ ಆಮೇಲೆ ತೊಂದರೆ ಏನಾದರೂ ಆಯ್ತಾ? ಈಗ ಆರೋಗ್ಯ ಹೇಗಿದೆ?”

ಇಂಥ ಪ್ರಶ್ನೆ ಸಿದ್ದಗಂಗಮ್ಮನಿಗೆ ಹೊಸದು. ಅವಳು ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಫೋನನ್ನು ಎದೆಗೆ ಒತ್ತಿಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಪ್ಪತ್ತು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಅವಳ ಮುಖ ತೊಳೆದಂತಿತ್ತು. ಫೋನನ್ನು ಮಗನಿಗೆ ಕೊಟ್ಟು, ಮೂರು ವಾರದಲ್ಲಿ ಮೊದಲ ಸಲ ನೇರವಾಗಿ, “ಮೋನಿಕಾ, ಇನ್ನೂ ಊಟ ಮಾಡಿಲ್ವಲ್ಲ, ಬಾ. ಮುದ್ದೆ ಆರೋಯ್ತದೆ” ಎಂದಳು.

ಅಡುಗೆಮನೆಯಲ್ಲಿ ಏನು ಮಾತಾಯಿತೆಂದು ಅತ್ತೆ ಆಮೇಲೆ ಸೊಸೆಗೆ ಮಾತ್ರ ಹೇಳಿದಳು. ಕೆಮ್ಮಿದರೆ, ನಕ್ಕರೆ ಉಚ್ಚೆ ಸೋರುವುದು ಅವಳಿಗೆ ಹತ್ತು ವರ್ಷದಿಂದ ಇತ್ತು. ವಯಸ್ಸಾದವರಿಗೆಲ್ಲ ಹೀಗೇ ಎಂದುಕೊಂಡು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ಡಾಕ್ಟರು ಸಬ್‌ಸೆಂಟರಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಲು ಹೇಳಿದ್ದರು, ಜೊತೆಗೆ ಉಚ್ಚೆ ತಡೆದಂತೆ ಒಳಗಿನ ಸ್ನಾಯುವನ್ನು ಬಿಗಿಹಿಡಿದು ಬಿಡುವ ಒಂದು ವ್ಯಾಯಾಮವನ್ನೂ ಹೇಳಿಕೊಟ್ಟಿದ್ದರು. ಅಂದಿನಿಂದ ಸಿದ್ದಗಂಗಮ್ಮ ಅಕ್ಕಿ ಆರಿಸುವಾಗ ಇದ್ದಕ್ಕಿದ್ದಂತೆ ಗಂಭೀರಳಾಗಿ, ಎದುರಿನ ಗೋಡೆ ನೋಡುತ್ತ, ತುಟಿಯಲ್ಲೇ ಹತ್ತರವರೆಗೆ ಎಣಿಸುತ್ತಿದ್ದಳು. ಆಗ ಯಾರು ಮಾತಾಡಿಸಿದರೂ ಕೈ ಎತ್ತಿ ತಡೆಯುತ್ತಿದ್ದಳು. ಗೌರಿ ಹಬ್ಬ ಕಳೆದು ತಿಂಗಳಾಗುವಷ್ಟರಲ್ಲಿ ಹಂದನಕೆರೆಯ ತಂಗಿಯ ಮನೆಯ ಮದುವೆಗೆ ಹೋಗಿ ಎರಡು ದಿನ ಇದ್ದು ಬಂದಳು. ಅಲ್ಲಿ ಚೆನ್ನಾಗಿ ನಕ್ಕೆ ಎಂದು ಬಂದು ಹೇಳಿದಳು.

ಕಾಂತೇಶ ಎರಡು ವಾರ ನೆಲದ ಮೇಲೇ ಇದ್ದ. ಹದಿನೈದನೆಯ ದಿನ ಮರ ಹತ್ತಿದಾಗ ಗಂಗಾಧರ ಆಟೋ ನಿಲ್ಲಿಸಿ ಕೆಳಗೆ ನಿಂತು ನೋಡಿದ. ಹರ್ನಿಯದ ಕಥೆ ಅಷ್ಟರಲ್ಲಿ ಸೋರಿಹೋಗಿತ್ತು. “ಕಾಲು ನಡುಗ್ತಾವೇನ್ಲಾ?” ಎಂದು ಕೂಗಿದ. ಉತ್ತರವಾಗಿ ಮೇಲಿನಿಂದ ಒಂದು ಗೊನೆ ಅವನಿಂದ ದೂರದಲ್ಲಿ ದೊಪ್ಪೆಂದು ಬಿತ್ತು. ಆದರೂ ಗಂಗಾಧರ ನಂಬಿದನೆಂದು ಹೇಳಲಾಗದು. ಆ ತಿಂಗಳೆಲ್ಲ ಯಾವ ತೋಟದ ಪಕ್ಕ ಹಾದುಹೋದರೂ ಕಾಂತೇಶ ಎಷ್ಟನೇ ಮರದಲ್ಲಿದ್ದಾನೆಂದು ಬಗ್ಗಿ ನೋಡಿಯೇ ಹೋಗುತ್ತಿದ್ದ.

ಗಂಡಹೆಂಡಿರ ನಡುವೆ ಬದಲಾದದ್ದು ನಿಧಾನವಾಗಿ, ಅವರಿಬ್ಬರಿಗೇ ತಿಳಿಯುವ ಹಾಗೆ. ಮೋನಿಕಾ ಬಿಪಿ ಮಾತ್ರೆಯನ್ನು ಮರೆಯದೆ ತೆಗೆದುಕೊಂಡಳು, ರಾತ್ರಿ ನಿದ್ದೆ ಮಾಡಿದಳು. ದೀಪಾವಳಿಗೆ ಅವಳ ಕೈಲಿ ಮೂವತ್ತು ರವಿಕೆ ಇದ್ದವು, ಯಾವುದರ ತೋಳೂ ತಿರುವುಮುರುವಾಗಲಿಲ್ಲ. ಒಂದು ಬೆಳಗ್ಗೆ ಕಾಂತೇಶ ಕೆಲಸಕ್ಕೆ ಹೊರಟಾಗ ಬಾಗಿಲವರೆಗೆ ಬಂದು ಅವನ ಶರ್ಟಿನ ಗುಂಡಿ ಹಾಕಿ, ಸುಮ್ಮನೆ ಅವನ ಎದೆಗೆ ಹಣೆ ತಾಗಿಸಿ ನಿಂತಳು. ಮೂರು ವರ್ಷದಲ್ಲಿ ಅವಳಾಗಿಯೇ ಹತ್ತಿರ ಬಂದದ್ದು ಅದೇ ಮೊದಲು. ಅವತ್ತು ಅವನು ಕೆಲಸಕ್ಕೆ ಒಂದು ಗಂಟೆ ತಡವಾಗಿ ಹೋದ.

ಮೂರು ತಿಂಗಳು ತುಂಬಿದ ಮೇಲೆ ಪರೀಕ್ಷೆ ಮಾಡಿಸಿದರು. ಫಲಿತಾಂಶ ಫೋನಿಗೇ ಬಂತು. ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಮೋನಿಕಾ ಅದನ್ನು ಇಂಪನಾ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ನೋಡಿ, “ಸೊನ್ನೆ ಇದೆ. ಇನ್ನು ಯಾವ ಭಯವೂ ಬೇಡ. ಇಬ್ಬರೂ ಆರಾಮಾಗಿರಿ” ಎಂದರು. ಅವರ ಹಿಂದೆ ಮತ್ತೊಬ್ಬರ ಟೋಕನ್ ಕೂಗುತ್ತಿತ್ತು. ಕೈ ಬೀಸಿ ಹೋದರು.

ಸಿದ್ದಗಂಗಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. “ಸೊನ್ನೆ ಬಂದೈತಂತಾ? ಮತ್ತೆ ಫೇಲಾದ್ನಾ?”

“ಇಲ್ಲ ಅತ್ತೆ. ಇದ್ರಲ್ಲಿ ಸೊನ್ನೆ ಬಂದ್ರೆ ಪಾಸು” ಎಂದಳು ಮೋನಿಕಾ.

“ನೋಡವ್ವ!” ಎಂದ ಕಾಂತೇಶ, ಗೋಡೆಗೆ ಒರಗಿ ಕಾಲು ಚಾಚುತ್ತ. “ಇಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು ಎಷ್ಟು ಸೊನ್ನೆ ಕೊಟ್ಟವ್ರೆ ನಂಗೆ, ಮನೆಗ್ ಬಂದ್ರೆ ನಿನ್ ಕೈಲಿ ಏಟು. ಒಂದಕ್ಕಾದ್ರೂ ಹೊಗಳಿಸ್ಕಂಡೆ ಇವತ್ತು.”

ಮೋನಿಕಾ ನಗುತ್ತ ನಗುತ್ತ ಕಂಬ ಹಿಡಿದುಕೊಂಡಳು. ಸಿದ್ದಗಂಗಮ್ಮ ಒಂದು ಗಳಿಗೆ ಕೈ ಎತ್ತಿ ತಡೆದು, ಹತ್ತರವರೆಗೆ ಎಣಿಸಿ ಮುಗಿಸಿ, ಆಮೇಲೆ ತಾನೂ ನಕ್ಕಳು.